ತಹಶೀಲ್ದಾರರ ಮೂಲಕ: ಮೆಕ್ಕೆಜೋಳ ಬೆಳೆದವರ ಮನವಿ ಎಲ್ಲಿಗೆ ಹೋಗುತ್ತದೆ?

ರೈತ ಸಂಘಗಳ ಮನವಿ ಪತ್ರಕ್ಕೆ ಒಂದು ಸಿದ್ಧ ರೂಪವಿದೆ. ಮೇಲ್ಗಡೆ ‘ಗೆ, ಸನ್ಮಾನ್ಯ ಮುಖ್ಯಮಂತ್ರಿಗಳು, ವಿಧಾನಸೌಧ, ಬೆಂಗಳೂರು’ ಎಂದಿರುತ್ತದೆ. ಅದರ ಕೆಳಗೆ ‘ಮಾನ್ಯ ತಹಶೀಲ್ದಾರರ ಮೂಲಕ’ ಎಂಬ ಸಾಲು. ಆಮೇಲೆ ವಿಷಯ, ಬೇಡಿಕೆಗಳ ಪಟ್ಟಿ, ಕೊನೆಯಲ್ಲಿ ಉಗ್ರ ಹೋರಾಟದ ಎಚ್ಚರಿಕೆ. ತಾಲ್ಲೂಕು ಕಚೇರಿಯ ಗೇಟಿನ ಮುಂದೆ ಹಸಿರು ಶಾಲು ಹೊದ್ದವರು ಬಿಸಿಲಿನಲ್ಲಿ ಕುಳಿತು ಘೋಷಣೆ ಕೂಗುತ್ತಾರೆ. ತಹಶೀಲ್ದಾರರು ಸಭೆ ಮುಗಿಸಿ ಹೊರಗೆ ಬಂದಾಗ ಒಬ್ಬರು ಪತ್ರವನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ‘ಸರ್ಕಾರದ ಗಮನಕ್ಕೆ ತರುತ್ತೇನೆ’ ಎಂದು ಅವರು ಪತ್ರವನ್ನು ಕೈಗೆ ತೆಗೆದುಕೊಳ್ಳುತ್ತಾರೆ. ನಕಲು ಪ್ರತಿಯ ಮೇಲೆ ಕಚೇರಿಯ ಸೀಲು ಬೀಳುತ್ತದೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ.

ಆ ಹಾಳೆ ಅಲ್ಲಿಂದ ಎಲ್ಲಿಗೆ ಹೋಗುತ್ತದೆ? ಜಿಲ್ಲಾಧಿಕಾರಿ ಕಚೇರಿಗೆ, ಅಲ್ಲಿಂದ ಕೃಷಿ ಅಥವಾ ಆಹಾರ ಇಲಾಖೆಗೆ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಬೇಡಿಕೆ ಮೆಕ್ಕೆಜೋಳದ ಬೆಲೆಯದ್ದಾದರೆ ಆ ಇಲಾಖೆಯ ಕೈಯಲ್ಲಿ ಇರುವುದು ಬಹಳ ಕಡಿಮೆ. ಸಂವಿಧಾನದ ಪ್ರಕಾರ ಕೃಷಿ ರಾಜ್ಯದ ವಿಷಯ. ಆದರೆ ಬೆಂಬಲ ಬೆಲೆ ಘೋಷಿಸುವುದು ಕೇಂದ್ರ, ಆಮದು ಸುಂಕ ಕೇಂದ್ರದ್ದು, ಮೆಕ್ಕೆಜೋಳದಿಂದಲೂ ತಯಾರಿಸಿ ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗೆ ದರ ಕಟ್ಟುವುದೂ ಯಾವ ಡಿಸ್ಟಿಲರಿಯಿಂದ ಎಷ್ಟು ಕೊಳ್ಳಬೇಕೆಂದು ಹಂಚುವುದೂ ಕೇಂದ್ರ ಮತ್ತು ಅದರ ತೈಲ ಕಂಪನಿಗಳು. ತಹಶೀಲ್ದಾರರ ಮೂಲಕ ಹೊರಟ ಪತ್ರ ನಾಲ್ಕು ಮನೆ ದಾಟಿ ದೆಹಲಿ ಮುಟ್ಟಬೇಕು. ಮುಟ್ಟುವ ಹೊತ್ತಿಗೆ ಕಾಳು ವರ್ತಕರ ಗೋದಾಮು ಸೇರಿರುತ್ತದೆ.

2025ರ ನವೆಂಬರ್‌ನಲ್ಲಿ ನಡೆದದ್ದು ಇದೇ. ಹಾವೇರಿ, ಗದಗ, ಧಾರವಾಡ, ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳದ ರಾಶಿಯಾಗಿತ್ತು. ಧಾರವಾಡದ ಕಡೆಯವರ ಬಾಯಲ್ಲಿ ಇದು ಗೋವಿನಜೋಳ. ಹಿಂದಿನ ವರ್ಷ ಎಥೆನಾಲ್ ಬೇಡಿಕೆಯ ಗಾಳಿಗೆ ಬೆಲೆ ಏರಿತ್ತು, ಅದನ್ನು ಕಂಡವರು ಹೆಚ್ಚು ಹೊಲಕ್ಕೆ ಅದನ್ನೇ ಹಾಕಿದ್ದರು. ರಾಜ್ಯದ ಉತ್ಪಾದನೆ 50 ಲಕ್ಷ ಟನ್ ದಾಟುವ ಅಂದಾಜು ಬಂತು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಕೇಳುತ್ತಿದ್ದುದು 1,600ರಿಂದ 1,800. ಧರಣಿ, ರಸ್ತೆ ತಡೆ, ಬಂದ್ ಎಲ್ಲ ಆದವು. ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದು, ಕೇಂದ್ರದ ಸಂಸ್ಥೆಗಳು ಬೆಂಬಲ ಬೆಲೆಗೆ ಖರೀದಿಸಬೇಕು, ಆಮದಿಗೆ ತಡೆ ಹಾಕಬೇಕು, ರಾಜ್ಯದ ಡಿಸ್ಟಿಲರಿಗಳಿಗೆ ಎಥೆನಾಲ್ ಹಂಚಿಕೆ ಹೆಚ್ಚಿಸಬೇಕು ಎಂದು ಕೇಳಿದರು. ಅಂದರೆ ರೈತರ ಮನವಿಯನ್ನು ತೆಗೆದುಕೊಂಡ ಸರ್ಕಾರವೂ ಕೊನೆಗೆ ಒಂದು ಮನವಿ ಪತ್ರವನ್ನೇ ಬರೆಯಿತು. ಡಿಸ್ಟಿಲರಿಗಳಿಂದ ಖರೀದಿ ಮಾಡಿಸುವ ಏರ್ಪಾಡು ಬಂದಾಗ ಒಬ್ಬ ರೈತನಿಂದ ಮೊದಲು 20 ಕ್ವಿಂಟಲ್, ಕೂಗೆದ್ದ ಮೇಲೆ 50 ಕ್ವಿಂಟಲ್ ಎಂದು ಮಿತಿ ಹಾಕಲಾಯಿತು. ಒಳ್ಳೆಯ ಮಳೆಯಾದ ವರ್ಷ ಎಕರೆಗೆ 20 ಕ್ವಿಂಟಲ್ ಬರುವ ಬೆಳೆ ಇದು. ಮೊದಲ ಮಿತಿ ಒಂದು ಎಕರೆಯದ್ದು, ಎರಡನೆಯದ್ದು ಎರಡೂವರೆ ಎಕರೆಯದ್ದು. ಮಿತಿ ಏರುವ ಹೊತ್ತಿಗೆ ಅಂಗಡಿ ಸಾಲ ತೀರಿಸಲು ಮಾರಿದವರು ಮಾರಿಯಾಗಿತ್ತು.

ಅದೇ ನವೆಂಬರ್‌ನಲ್ಲಿ, ಅಲ್ಲಿಂದ ಹೆಚ್ಚು ದೂರವಿಲ್ಲದ ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಕುಳಿತಿದ್ದರು. ಕೇಳಿದ್ದು ಟನ್ನಿಗೆ 3,500 ರೂಪಾಯಿ. ಹತ್ತು ದಿನ ಕಳೆಯುವುದರೊಳಗೆ ಮುಖ್ಯಮಂತ್ರಿ ಕಾರ್ಖಾನೆ ಮಾಲೀಕರನ್ನು ಬೆಂಗಳೂರಿಗೆ ಕರೆಸಿದರು, ದರ 3,300ಕ್ಕೆ ನಿಂತಿತು. ಅದರಲ್ಲಿ 50 ರೂಪಾಯಿ ಸರ್ಕಾರವೇ ಕೊಡುವುದೆಂದಾಯಿತು. ಮುಧೋಳದ ಕಡೆಯವರು ಒಪ್ಪದೆ ಹೋರಾಟ ಮುಂದುವರಿಸಿದರು, ಅದು ಬೇರೆ ಮಾತು. ಕಬ್ಬಿನವರಿಗೆ ಹತ್ತು ದಿನದಲ್ಲಿ ಸಿಕ್ಕ ಉತ್ತರ ಮೆಕ್ಕೆಜೋಳದವರಿಗೆ ಏಕೆ ಸಿಗಲಿಲ್ಲ?

ಕಬ್ಬಿನವರಲ್ಲಿ ಒಗ್ಗಟ್ಟಿದೆ, ಮೆಕ್ಕೆಜೋಳದವರಲ್ಲಿ ಇಲ್ಲ ಎಂಬುದು ಸುಲಭದ ಉತ್ತರ. ನನಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ. ಕಬ್ಬಿಗೆ ಒಂದು ಗೇಟು ಇದೆ. ಕಾರ್ಖಾನೆಯ ಮುಂದೆ ಟ್ರ್ಯಾಕ್ಟರ್ ನಿಂತರೆ, ಕಟಾವು ನಿಂತರೆ, ಮಾಲೀಕನಿಗೆ ದಿನಕ್ಕೆ ಇಷ್ಟು ಎಂದು ಲೆಕ್ಕ ಹಾಕಬಹುದಾದ ನಷ್ಟ. ಹೊಲದಲ್ಲಿ ನಿಂತ ಕಬ್ಬು ಕೆಲವು ವಾರ ತಡೆಯುತ್ತದೆ, ಕಾರ್ಖಾನೆ ತಡೆಯುವುದಿಲ್ಲ. ಮಾಲೀಕರಲ್ಲಿ ಹಲವರು ಶಾಸಕರು, ಮಂತ್ರಿಗಳು ಅಥವಾ ಅವರ ಮನೆಯವರು, ಹಾಗಾಗಿ ಸರ್ಕಾರಕ್ಕೆ ಯಾರನ್ನು ಕರೆದು ಕೂರಿಸಬೇಕೆಂದು ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ 1966ರ ಕಬ್ಬು ನಿಯಂತ್ರಣ ಆದೇಶದಡಿ ನಿಗದಿಯಾಗುವ ಎಫ್‌ಆರ್‌ಪಿ, ಅಂದರೆ ಕಬ್ಬಿಗೆ ಕೇಂದ್ರ ಕಟ್ಟುವ ಕನಿಷ್ಠ ದರಕ್ಕೆ ಕಾನೂನಿನ ಬಲವಿದೆ. ಅದಕ್ಕಿಂತ ಕಡಿಮೆ ಕೊಡುವುದು ಅಪರಾಧ. ಬೆಂಬಲ ಬೆಲೆಗೆ ಆ ಬಲವಿಲ್ಲ. ಎಪಿಎಂಸಿ ಯಾರ್ಡಿನಲ್ಲಿ 1,700ಕ್ಕೆ ಕೂಗಿದ ವರ್ತಕ ಯಾವ ಕಾನೂನನ್ನೂ ಮುರಿದಿಲ್ಲ.

ಮೆಕ್ಕೆಜೋಳ ಬೆಳೆದವನು ಯಾರ ಗೇಟಿನ ಮುಂದೆ ಕೂರಬೇಕು? ಕೊಳ್ಳುವವರು ಊರ ದಲ್ಲಾಳಿಯಿಂದ ಹಿಡಿದು ಕೋಳಿ ಆಹಾರದ ಕಂಪನಿ, ಸ್ಟಾರ್ಚ್ ಕಾರ್ಖಾನೆ, ಡಿಸ್ಟಿಲರಿವರೆಗೆ ಚದುರಿ ಹೋಗಿದ್ದಾರೆ. ಯಾರೊಬ್ಬರೂ ಅವನ ಕಾಳಿಗಾಗಿ ಕಾಯುತ್ತಿಲ್ಲ. ಯಾರ್ಡಿಗೆ ಹೋದರೆ ವರ್ತಕ ಚೀಲದೊಳಗೆ ಕೈ ಇಳಿಸಿ ಒಂದು ಹಿಡಿ ತೆಗೆಯುತ್ತಾನೆ, ಅಂಗೈಯಲ್ಲಿ ಹೊರಳಿಸುತ್ತಾನೆ, ಒಂದು ಕಾಳನ್ನು ಹಲ್ಲಿಗೆ ಹಾಕಿ ಕಚ್ಚುತ್ತಾನೆ. ಕಟ್ ಎಂದು ಮುರಿಯದಿದ್ದರೆ ‘ಹಸಿ ಇದೆ’ ಎನ್ನುತ್ತಾನೆ. ತೇವಾಂಶ ಶೇ 14ಕ್ಕಿಂತ ಹೆಚ್ಚಿದ್ದರೆ ಖರೀದಿ ಕೇಂದ್ರದಲ್ಲೂ ತೆಗೆದುಕೊಳ್ಳುವುದಿಲ್ಲ. ಹಿಂಗಾರಿನ ಮೋಡ ಮುಸುಕಿದ ನವೆಂಬರ್‌ನಲ್ಲಿ ಕಣವಿಲ್ಲದವರು ಹೆದ್ದಾರಿಯ ಅರ್ಧ ಭಾಗದಲ್ಲಿ ಕಾಳು ಹರವಿ, ಅಂಚಿಗೆ ಕಲ್ಲಿಟ್ಟು, ರಾತ್ರಿ ಟಾರ್ಪಾಲು ಹೊದಿಸಿ ಕಾವಲು ಮಲಗುತ್ತಾರೆ. ಒಂದು ಮಳೆ ಬಿದ್ದರೆ ಕ್ವಿಂಟಲ್‌ಗೆ ಇನ್ನೂರು ರೂಪಾಯಿ ಹೋಯಿತು. ಇಂಥವನಿಗೆ ಮಾಲು ತಡೆಹಿಡಿದು ಚೌಕಾಸಿ ಮಾಡು ಎಂದರೆ ಅವನು ನಗುತ್ತಾನೆ.

ತಡೆಹಿಡಿಯುವುದು ಎಂಬ ಮಾತು ಬಂದಾಗ ನರಗುಂದವನ್ನು ನೆನೆಯದೆ ಇರಲಾಗದು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರಿಗೆ ದಾರಿಯಾದ ಚಳವಳಿಯ ಮೂಲ ಬೇಡಿಕೆಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರ ರದ್ದಾಗಬೇಕೆಂಬುದು ಮುಖ್ಯವಾಗಿತ್ತು. ಅದೇ ವರ್ಷ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ, ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ, ಸರ್ಕಾರವನ್ನು ನಡುಗಿಸಿತು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಹಳ್ಳಿಯ ಬಾಗಿಲಲ್ಲೇ ಫಲಕ ನೆಟ್ಟರು, ಜಪ್ತಿ ಮಾಡಿದ ಸಾಮಾನನ್ನು ಮರಳಿ ತಂದರು. ಆ ಹೋರಾಟದ ಬಲ ಎಲ್ಲಿತ್ತು ಎಂದು ನೋಡಿದರೆ, ಆಗ ಕೇಳುತ್ತಿದ್ದವನು ಸರ್ಕಾರ. ಕರ ಕೊಡು, ಸಾಲ ಕಟ್ಟು, ಲೆವಿ ಭತ್ತ ಅಳೆದು ಹಾಕು ಎಂದು ಕೈಚಾಚಿ ಬಂದದ್ದು ಅದು. ಕೊಡುವುದಿಲ್ಲ ಎಂದು ರೈತ ಹೇಳಿದರೆ ಅದೇ ಹೋರಾಟವಾಗುತ್ತಿತ್ತು. ಇಂದು ರೈತ ಕೇಳುತ್ತಿರುವುದು ‘ನಮ್ಮ ಕಾಳು ಕೊಳ್ಳಿ’ ಎಂದು. ಕೊಡುವುದಿಲ್ಲ ಎಂಬ ಮಾತು ಇಲ್ಲಿ ಯಾರಿಗೂ ಬಿಸಿ ಮುಟ್ಟಿಸುವುದಿಲ್ಲ. ಶಾಲು ಅದೇ, ಘೋಷಣೆ ಅದೇ, ರಸ್ತೆ ತಡೆಯೂ ಅದೇ. ಆದರೆ ಯಾರು ಯಾರ ಮುಂದೆ ನಿಂತಿದ್ದಾರೆ ಎಂಬುದು ತಿರುವುಮುರುವಾಗಿದೆ. ಸಂಘಗಳ ಹೋರಾಟದ ಪಟ್ಟು ಮಾತ್ರ ಈ ಬದಲಾವಣೆಗೆ ತಕ್ಕಂತೆ ಬದಲಾಗಿಲ್ಲ.

ಹಾಗಾದರೆ ಧಾನ್ಯ ಬೆಳೆಗಾರರು ಗೆದ್ದದ್ದೇ ಇಲ್ಲವೇ ಎಂದರೆ ರಾಗಿಯ ಕಥೆ ಇದೆ. 2017–18ರಲ್ಲಿ ರಾಗಿಯ ಬೆಂಬಲ ಬೆಲೆ 1,900 ರೂಪಾಯಿ. ಮರುವರ್ಷ ಒಮ್ಮೆಲೇ 2,897ಕ್ಕೆ ಏರಿತು. ವೆಚ್ಚದ ಒಂದೂವರೆ ಪಟ್ಟು ಬೆಲೆ ಕೊಡುವುದಾಗಿ ಕೇಂದ್ರ 2018ರ ಬಜೆಟ್‌ನಲ್ಲಿ ಒಪ್ಪಿಕೊಂಡದ್ದರ ಫಲ ಅದು. ಇಲ್ಲಿನ ವೆಚ್ಚವೆಂದರೆ ಕೈಯಿಂದ ಹಾಕಿದ ಹಣ ಮತ್ತು ಮನೆಯವರ ದುಡಿಮೆ ಮಾತ್ರ. ಭೂಮಿಯ ಬಾಡಿಗೆ, ಬಂಡವಾಳದ ಬಡ್ಡಿ ಸೇರಿದ ‘ಸಿ2’ ಲೆಕ್ಕ ಬೇಕೆಂಬ ಜಗಳ ಇನ್ನೂ ಮುಗಿದಿಲ್ಲ. 2025–26ಕ್ಕೆ ರಾಗಿಗೆ 4,886 ಸಿಕ್ಕಿದೆ. ಎಂಟು ವರ್ಷದಲ್ಲಿ ಎರಡೂವರೆ ಪಟ್ಟು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ರಾಗಿಗೆ ಹೋಗಲು ಒಂದು ಜಾಗವಿದೆ. ಸರ್ಕಾರ ಕೊಂಡ ರಾಗಿ ಮತ್ತೆ ದಕ್ಷಿಣ ಕರ್ನಾಟಕದ ನ್ಯಾಯಬೆಲೆ ಅಂಗಡಿಗೆ ಬರುತ್ತದೆ, ಜನ ಮುದ್ದೆ ತಿರುವುತ್ತಾರೆ. ಒರಟು ಧಾನ್ಯಗಳ ಖರೀದಿಗೆ ಕೇಂದ್ರದ ನಿಯಮವೂ ಹಾಗೆಯೇ ಇದೆ: ಕೊಂಡದ್ದು ಮೊದಲು ಆ ರಾಜ್ಯದ ಪಡಿತರಕ್ಕೇ ಹೋಗಬೇಕು. ಆದ್ದರಿಂದ ರಾಗಿ ರೈತರ ಹೋರಾಟ ‘ಕೊಳ್ಳಿ’ ಎಂಬಲ್ಲಿ ಶುರುವಾಗುವುದಿಲ್ಲ, ‘ಇನ್ನಷ್ಟು ಕೊಳ್ಳಿ’ ಎಂಬಲ್ಲಿ ಶುರುವಾಗುತ್ತದೆ. 2021–22ರಲ್ಲಿ ಖರೀದಿಯನ್ನು 2.10 ಲಕ್ಷ ಟನ್‌ಗೆ ಕಟ್ಟಿಹಾಕಿ, ಸಣ್ಣ ಹಿಡುವಳಿದಾರರಿಗೆ ಮಾತ್ರ ಎಂದಾಗ ತುಮಕೂರು, ಹಾಸನ, ಮಂಡ್ಯದ ಕಡೆ ಎದ್ದ ಗದ್ದಲ ವಿಧಾನಸಭೆಯೊಳಕ್ಕೂ ಹೋಯಿತು. ಗುರಿ ಸ್ಪಷ್ಟವಿತ್ತು, ಮಿತಿಯ ಅಂಕಿಯೊಂದು ಕಣ್ಣೆದುರಿಗಿತ್ತು, ಅದನ್ನು ಏರಿಸಿ ಎಂದು ಕೇಳಿದರೆ ಮಂತ್ರಿಗೆ ಅರ್ಥವಾಗುತ್ತಿತ್ತು.

ಮೆಕ್ಕೆಜೋಳವನ್ನು ಪಡಿತರದಲ್ಲಿ ಕೊಟ್ಟರೆ ಇಲ್ಲಿ ಯಾರೂ ರೊಟ್ಟಿ ತಟ್ಟುವುದಿಲ್ಲ. ಸರ್ಕಾರ ಕೊಂಡರೂ ಸುರಿಯುವುದೆಲ್ಲಿ? ಈ ಪ್ರಶ್ನೆಗೆ ಉತ್ತರವಿಲ್ಲದ ಕಾರಣಕ್ಕೇ ಹೋರಾಟಗಳ ಫಲ ಪರಿಹಾರದ ರೂಪದಲ್ಲಿ ಬರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಬೆಲೆ ಕುಸಿದಾಗ ಯಡಿಯೂರಪ್ಪ ಸರ್ಕಾರ ಮೆಕ್ಕೆಜೋಳದ ರೈತರಿಗೆ ತಲಾ 5,000 ರೂಪಾಯಿ ಘೋಷಿಸಿತ್ತು. ಹಣ ಬಂತು, ಕಂತು ಕಟ್ಟಲು ಆಯಿತು. ಮಾರುಕಟ್ಟೆ ಮಾತ್ರ ಇದ್ದ ಹಾಗೆಯೇ ಉಳಿಯಿತು.

ಮೆಕ್ಕೆಜೋಳಕ್ಕೆ ಜಾಗ ಇದ್ದರೆ ಅದು ಡಿಸ್ಟಿಲರಿಯಲ್ಲಿದೆ. ಕೇಂದ್ರವೂ ಇದನ್ನೇ ಹೇಳಿಕೊಂಡು ಬಂದಿತ್ತು. ಮೆಕ್ಕೆಜೋಳದ ಎಥೆನಾಲ್‌ಗೆ ಲೀಟರಿಗೆ 71.86 ರೂಪಾಯಿ ದರ ಕೊಟ್ಟು ಹುರಿದುಂಬಿಸಿತು, ರೈತರು ನಂಬಿ ಬಿತ್ತಿದರು. ಇತ್ತ 2025ರ ಜನವರಿಯಲ್ಲಿ ಅದೇ ಕೇಂದ್ರ ಭಾರತ ಆಹಾರ ನಿಗಮದ ಅಕ್ಕಿಯನ್ನು ಎಥೆನಾಲ್ ತಯಾರಿಕೆಗೆ ಕ್ವಿಂಟಲ್‌ಗೆ 2,250 ರೂಪಾಯಿಯಂತೆ ಕೊಡಲು ತೀರ್ಮಾನಿಸಿತು. ಮೊದಲು 2,800 ಇದ್ದದ್ದು ಅದು. ಭತ್ತ ಕೊಂಡು, ಅಕ್ಕಿ ಮಾಡಿಸಿ, ಸಾಗಿಸಿ, ಗೋದಾಮಿನಲ್ಲಿಡುವ ಹೊತ್ತಿಗೆ ನಿಗಮಕ್ಕೆ ಬೀಳುವ ಖರ್ಚು ನಾಲ್ಕು ಸಾವಿರದ ಆಸುಪಾಸು. ಇನ್ನು ಡಿಸ್ಟಿಲರಿಯ ಲೆಕ್ಕಿಗನ ಜಾಗದಲ್ಲಿ ಕುಳಿತು ನೋಡಿ. ಒಣಗಿದ, ಚೀಲ ಕಟ್ಟಿದ ಅಕ್ಕಿ 2,400ಕ್ಕಿಂತ ಕಡಿಮೆಗೆ ಸಿಗುತ್ತದೆ. ಹಾವೇರಿಯ ರೈತ ಮೆಕ್ಕೆಜೋಳಕ್ಕೆ 2,400 ಕೇಳುತ್ತಿದ್ದಾನೆ. ಡಿಸ್ಟಿಲರಿಯವನು ಅದನ್ನೇಕೆ ಕೊಟ್ಟಾನು?

ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ. ನವೆಂಬರ್‌ನಲ್ಲಿ ತಾಲ್ಲೂಕು ಕಚೇರಿಗಳಿಗೆ ಸಲ್ಲಿಸಿದ ಬೇಡಿಕೆಗಳಲ್ಲಿ ಖರೀದಿ ಕೇಂದ್ರದ ಮಾತೇ ಮುಂದಿತ್ತು, ನಿಗಮದ ಅಕ್ಕಿಯ ದರ ಬಹುತೇಕ ಹಿಂದುಳಿಯಿತು. ಕೋಳಿ ಸಾಕಣೆ ಮತ್ತು ಪಶು ಆಹಾರ ಉದ್ಯಮದವರು ಹೀಗೆ ಮಾಡುವುದಿಲ್ಲ. 2024ರಲ್ಲಿ ಮೆಕ್ಕೆಜೋಳ ದುಬಾರಿಯಾದಾಗ ಅವರ ಸಂಘಗಳು ನೇರವಾಗಿ ಕೇಂದ್ರಕ್ಕೆ ಹೋಗಿ ಸುಂಕವಿಲ್ಲದೆ ಆಮದಿಗೆ ಅವಕಾಶ ಕೊಡಿ ಎಂದು ಕೇಳಿದವು. ಆ ವರ್ಷದ ಜೂನ್‌ನಲ್ಲಿ ಸುಮಾರು 5 ಲಕ್ಷ ಟನ್ ಮೆಕ್ಕೆಜೋಳವನ್ನು ಕಡಿಮೆ ಸುಂಕದಲ್ಲಿ ತರಿಸಲು ಅಧಿಸೂಚನೆ ಬಂತು. ಅವರು ರಸ್ತೆ ತಡೆದದ್ದನ್ನು ಯಾರೂ ನೋಡಲಿಲ್ಲ. ಯಾವ ಸಚಿವಾಲಯದ ಯಾವ ಕೋಣೆಯಲ್ಲಿ ತಮ್ಮ ಕಡತ ಇದೆ ಎಂಬುದು ಅವರಿಗೆ ಗೊತ್ತಿತ್ತು. ಕೋಳಿ ಸಾಕುವವರೂ ರೈತರೇ, ಅವರ ಸಂಕಟವೂ ನಿಜ. ಆದರೆ ಒಬ್ಬರ ಮಾತು ಅಂಕಿ ಅಂಶದ ಟಿಪ್ಪಣಿಯಾಗಿ ಮೇಜಿಗೆ ಬರುತ್ತದೆ, ಇನ್ನೊಬ್ಬರದ್ದು ಪೊಲೀಸ್ ವರದಿಯಾಗಿ.

ಸಂಘಗಳಿಗೆ ಇದರಲ್ಲಿ ಒಂದು ಮುಜುಗರವೂ ಇದೆ. ನಿಗಮದ ಗೋದಾಮು ತುಂಬಿರುವುದು ಭತ್ತ ಬೆಳೆಗಾರರ ಹೋರಾಟ ಗೆದ್ದದ್ದರಿಂದ. ಪಂಜಾಬ್, ತೆಲಂಗಾಣ, ಛತ್ತೀಸಗಢದಲ್ಲಿ ಭತ್ತದ ಖರೀದಿ ಎಷ್ಟು ಬಲವಾಗಿದೆಯೆಂದರೆ ಅಕ್ಕಿ ಇಡಲು ಜಾಗವಿಲ್ಲ, ಅದಕ್ಕೇ ಅದು ಡಿಸ್ಟಿಲರಿಗೆ ಹರಿದಿದೆ. ನಿಗಮದ ಅಕ್ಕಿ ಬೇಡ ಎಂದು ಮೆಕ್ಕೆಜೋಳದವರು ಕೇಳಿದರೆ ಅದು ಭತ್ತದವರ ಖರೀದಿಗೆ ತಗಲುತ್ತದೆ. ‘ರೈತರೆಲ್ಲರೂ ಒಂದೇ’ ಎಂದು ಹೇಳುವ ಸಂಘಕ್ಕೆ, ಗಂಗಾವತಿಯ ಭತ್ತದವರೂ ರಾಣೆಬೆನ್ನೂರಿನ ಗೋವಿನಜೋಳದವರೂ ಒಂದೇ ಶಾಲಿನ ಕೆಳಗಿರುವಾಗ, ಈ ಬೇಡಿಕೆ ಬರೆಯುವುದು ಸುಲಭವಲ್ಲ. ಬಣ ಒಡೆದು ಹೋದ ಸಂಘಗಳಿಗಂತೂ ಇಂಥದ್ದನ್ನು ಕುಳಿತು ಬಗೆಹರಿಸಿಕೊಳ್ಳುವ ವೇದಿಕೆಯೇ ಇಲ್ಲ.

ಇನ್ನೊಂದು ತೊಡಕು ಪಂಚಾಂಗದ್ದು. ಬೆಂಬಲ ಬೆಲೆಯನ್ನು ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ 1965ರಿಂದ ಇದೆ, ಈಗಿನ ಹೆಸರು ಬಂದದ್ದು 1985ರಲ್ಲಿ. ರಾಜ್ಯಗಳಿಗೆ ಪ್ರಶ್ನಾವಳಿ ಕಳುಹಿಸುವುದು, ಪ್ರದೇಶವಾರು ಸಭೆ ಕರೆದು ರೈತ ಪ್ರತಿನಿಧಿಗಳನ್ನು ಕೇಳುವುದು, ವರದಿ ಬರೆಯುವುದು ಇವೆಲ್ಲ ಮುಂಗಾರು ಬೆಳೆಗಳ ಮಟ್ಟಿಗೆ ಬೇಸಿಗೆ ಏರುವ ಮೊದಲೇ ಮುಗಿಯುತ್ತವೆ. ಸಂಪುಟದ ಒಪ್ಪಿಗೆ ಬಿತ್ತನೆಯ ಹೊತ್ತಿಗೆ ಬರುತ್ತದೆ, 2025ರಲ್ಲಿ ಅದು ಮೇ 28. ಆಯೋಗದಲ್ಲಿ ಕೃಷಿಕ ಸಮುದಾಯದಿಂದ ಬರಬೇಕಾದ ಇಬ್ಬರು ಸದಸ್ಯರ ಕುರ್ಚಿಗಳಿವೆ, ಅವು ಖಾಲಿ ಬಿದ್ದಿದ್ದ ವರ್ಷಗಳೂ ಉಂಟು. ಆ ಕುರ್ಚಿ ತುಂಬಿ ಎಂದು ಕೇಳಿದ ರಸ್ತೆ ತಡೆಯನ್ನು ನಾನು ಕಂಡಿಲ್ಲ. ಇಲ್ಲಿನ ಬೇಸಾಯದ ಖರ್ಚಿನ ಲೆಕ್ಕ ಕೊಡಲು ರಾಜ್ಯಕ್ಕೆ ತನ್ನದೇ ಕೃಷಿ ಬೆಲೆ ಆಯೋಗವಿದೆ, ಕೃಷಿ ವಿಶ್ವವಿದ್ಯಾಲಯಗಳಿವೆ. ಆಳಿನ ಕೂಲಿ, ಟ್ರ್ಯಾಕ್ಟರ್ ಬಾಡಿಗೆ, ರಾಶಿ ಯಂತ್ರದ ಬಾಡಿಗೆ, ಡಿಎಪಿ ಚೀಲದ ಬೆಲೆ ಇವನ್ನು ಊರವಾರು ಬರೆದಿಟ್ಟು ಆ ಹೊತ್ತಿಗೆ ಮುಟ್ಟಿಸಿದ ಸಂಘ ಇದ್ದರೆ ಅದು ನವೆಂಬರ್‌ನ ನೂರು ಘೋಷಣೆಗಿಂತ ಹೆಚ್ಚು ದೂರ ಹೋಗುತ್ತದೆ.

ಪಂಚಾಂಗ ಗೊತ್ತಿದ್ದಾಗ ನಮ್ಮ ರೈತರು ಎಷ್ಟು ಚುರುಕು ಎಂಬುದಕ್ಕೆ ತುಂಗಭದ್ರಾ ಅಚ್ಚುಕಟ್ಟು ಸಾಕ್ಷಿ. ನೀರಾವರಿ ಸಲಹಾ ಸಮಿತಿಯ ಸಭೆ ಯಾವಾಗ ಎಂಬುದು ಕೊಪ್ಪಳ, ರಾಯಚೂರು, ಬಳ್ಳಾರಿಯ ಭತ್ತದ ರೈತನಿಗೆ ಮಗಳ ಮದುವೆಯ ದಿನದಷ್ಟೇ ನೆನಪಿರುತ್ತದೆ. ಜಲಾಶಯದಲ್ಲಿ ಎಷ್ಟು ಟಿಎಂಸಿ ಇದೆ, ಎಷ್ಟು ದಿನ ನಾಲೆ ಹರಿಯಬಹುದು ಎಂಬ ಲೆಕ್ಕ ಬಾಯಲ್ಲಿರುತ್ತದೆ. ಸಭೆಗೆ ಮೊದಲೇ ಶಾಸಕನ ಮನೆ ಬಾಗಿಲಲ್ಲಿ ಜನ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿ ಹೋದ ಮೇಲೆ ಎರಡನೇ ಬೆಳೆಯ ನೀರಿನ ವಿಚಾರದಲ್ಲಿ ಅವರಿಗೆ ಬೇಕಾದದ್ದೆಲ್ಲ ಸಿಕ್ಕಿತೆಂದಲ್ಲ. ಯಾರ ಮೇಜಿನ ಮುಂದೆ, ಯಾವ ದಿನ, ಏನು ಕೇಳಬೇಕೆಂಬ ಗೊಂದಲ ಮಾತ್ರ ಅವರಿಗಿಲ್ಲ.

ಹೊರ ದೇಶದ ಧಾನ್ಯ ಬೆಳೆಗಾರರ ಸಂಘಗಳು ಈ ಕೆಲಸಕ್ಕೆ ಸಂಬಳದ ಜನರನ್ನು ಇಟ್ಟುಕೊಂಡಿವೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಮೆಕ್ಕೆಜೋಳ, ಸೋಯಾ, ಗೋಧಿ ಬೆಳೆಗಾರರ ಮೂರು ಸಂಸ್ಥೆಗಳು 2010ರಲ್ಲಿ ಒಂದಾದವು. ಬೆಳೆ ಮಾರುವಾಗಲೇ ಟನ್ನಿಗೆ ಇಷ್ಟೆಂದು ಶುಲ್ಕ ಮುರಿದುಕೊಂಡು ಆ ಸಂಸ್ಥೆಗೆ ಸೇರಿಸುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಣಿಜ್ಯ ಕಾರ್ಯದರ್ಶಿ ಹೊವಾರ್ಡ್ ಲಟ್ನಿಕ್, 140 ಕೋಟಿ ಜನರಿರುವ ಭಾರತ ತಮ್ಮ ಮೆಕ್ಕೆಜೋಳವನ್ನು ಒಂದು ಬುಷೆಲ್‌ನಷ್ಟೂ ಕೊಳ್ಳುವುದಿಲ್ಲವೇಕೆ ಎಂದು ಬಹಿರಂಗವಾಗಿ ಹಂಗಿಸಿದ್ದರ ಹಿಂದೆಯೂ ಅಂಥ ಬೆಳೆಗಾರರ ಸಂಘಗಳ ಹಲವು ವರ್ಷದ ಒತ್ತಾಯವಿದೆ. ಸಾವಿರಾರು ಎಕರೆಯ ಅವರ ಬೇಸಾಯಕ್ಕೂ ನಮ್ಮ ಮೂರು ಎಕರೆಗೂ ಹೋಲಿಕೆ ಸಲ್ಲದು, ಹಣವಿದ್ದವರ ಸಂಘ ಹಣವಿದ್ದವರ ಮಾತನ್ನೇ ಆಡುತ್ತದೆ ಎಂಬ ಅನುಮಾನ ಅಲ್ಲಿಯೂ ಇದೆ. ಆದರೂ ಒಂದು ವಿಚಾರ ಕಾಡುತ್ತದೆ. ನಮ್ಮಲ್ಲೂ ಪ್ರತಿ ಚೀಲದ ಮೇಲೆ ಎಪಿಎಂಸಿ ಶುಲ್ಕ ಬೀಳುತ್ತದೆ. ಅದರಿಂದ ರಸ್ತೆ, ಚರಂಡಿ, ಹರಾಜು ಕಟ್ಟೆ ಆಗುತ್ತವೆ. ಬೆಳೆದವನ ಪರವಾಗಿ ವೆಚ್ಚದ ಲೆಕ್ಕ ಬರೆಯುವ ಒಬ್ಬ ಗುಮಾಸ್ತನನ್ನು ಆ ಹಣದಿಂದ ಇಟ್ಟ ಯಾರ್ಡು ನನಗೆ ತಿಳಿದಂತೆ ಇಲ್ಲ. ಸಂಘದ ಖರ್ಚೆಂದರೆ ಜೀಪಿನ ಡೀಸೆಲ್, ಶಾಮಿಯಾನದ ಬಾಡಿಗೆ, ಮೈಕು. ಅದನ್ನೂ ಮುಖಂಡರು ಕೈಯಿಂದಲೇ ಹಾಕುತ್ತಾರೆ.

ಕಾನೂನು ಬಲದ ಬೆಂಬಲ ಬೆಲೆ ಬಂದರೆ ಇದೆಲ್ಲ ತಾನಾಗಿ ಬಗೆಹರಿಯುತ್ತದೆ ಎಂಬ ವಾದವಿದೆ. ಮೂರು ಕೃಷಿ ಕಾಯ್ದೆಗಳನ್ನು 2021ರ ನವೆಂಬರ್‌ನಲ್ಲಿ ವಾಪಸ್ ಪಡೆಯುವಂತೆ ಮಾಡಿದ ದೆಹಲಿಯ ಗಡಿ ಹೋರಾಟದ ಉಳಿದ ಬೇಡಿಕೆ ಅದು, 2024ರ ಡಿಸೆಂಬರ್‌ನಲ್ಲಿ ಸಂಸದೀಯ ಸ್ಥಾಯಿ ಸಮಿತಿಯೂ ಅದರ ಪರವಾಗಿ ಶಿಫಾರಸು ಮಾಡಿದೆ. ಬರಲಿ. ಬೆಂಬಲ ಬೆಲೆಯಲ್ಲಿ ಸರ್ಕಾರಕ್ಕೆ ಮಾರಲು ಸಾಧ್ಯವಾಗಿರುವುದು ದೇಶದ ನೂರರಲ್ಲಿ ಆರು ರೈತರಿಗೆ ಎಂದು 2015ರಲ್ಲಿ ಶಾಂತಾ ಕುಮಾರ್ ಸಮಿತಿಯೇ ಬರೆದಿತ್ತು. ಆದರೆ ಕಾನೂನು ಬಂದ ಮರುದಿನವೂ ನಿಗಮದ ಅಗ್ಗದ ಅಕ್ಕಿ ಡಿಸ್ಟಿಲರಿಯ ಬಾಗಿಲಲ್ಲಿ ನಿಂತಿದ್ದರೆ, ಬೆಂಬಲ ಬೆಲೆಗೆ ಕೊಳ್ಳಲೇಬೇಕಾದ ವರ್ತಕ ಕೊಳ್ಳುವುದನ್ನೇ ಬಿಟ್ಟಾನು.

ಮುಂಗಾರು ಬೆಲೆಯ ವರದಿ ದೆಹಲಿಯಲ್ಲಿ ಸಿದ್ಧವಾಗುವ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ನಮ್ಮ ತಾಲ್ಲೂಕು ಕಚೇರಿಗಳ ಗೇಟು ಖಾಲಿ ಇರುತ್ತದೆ. ಕಾಳು ಮಾರಿಯಾಗಿದೆ, ಹೊಲ ಬಯಲಾಗಿದೆ. ಸಂಘದವರು ಅಷ್ಟು ಹೊತ್ತಿಗೆ ವಿದ್ಯುತ್ ಕಚೇರಿಯ ಮುಂದೆ ಕುಳಿತಿರುತ್ತಾರೆ, ಪಂಪ್‌ಸೆಟ್‌ಗೆ ಹಗಲು ಹೊತ್ತು ಏಳು ತಾಸು ತ್ರೀ ಫೇಸ್ ಕೊಡಿ ಎಂದು. ಅದೂ ನ್ಯಾಯವಾದ ಬೇಡಿಕೆಯೇ. ಎಂಜಿನಿಯರ್ ಹೊರಗೆ ಬಂದು ಪತ್ರ ತೆಗೆದುಕೊಳ್ಳುತ್ತಾರೆ, ನಕಲಿನ ಮೇಲೆ ಸೀಲು ಬೀಳುತ್ತದೆ.